ಪಂಚಮಿಗೆ ಕಳಿಸದ ಅತ್ತೆ

ಅತ್ತೆ, ಹನ್ನೊಂದು ವರ್ಷ ನಿಮ್ಮ ಹೆಸರು ಕೆಡಿಸಿದವಳು ನಾನೇ. ಸೊಸೆಯನ್ನು ನಾಗರ ಪಂಚಮಿಗೂ ತವರಿಗೆ ಬಿಡದವಳು ಎಂದು ನನ್ನ ತವರೂರು ಕಟಕೋಳದ ತುಂಬ ನಿಮ್ಮನ್ನು ಆಡಿಕೊಂಡದ್ದಕ್ಕೆ ನನ್ನ ಸುಳ್ಳೇ ಕಾರಣ.

ಪ್ರತಿ ವರ್ಷ ಹಬ್ಬ ನಾಲ್ಕು ದಿನ ಇರುವಾಗ ಅಣ್ಣ ಫೋನು ಮಾಡುತ್ತಿದ್ದ — ಕರೆದೊಯ್ಯಲು ನಮ್ಮ ಸಂಗೊಳ್ಳಿಗೆ ಬರಲೇ ಎಂದು. ನಾನು ಹಿತ್ತಲಿಗೆ ಹೋಗಿ ದನಿ ತಗ್ಗಿಸುತ್ತಿದ್ದೆ: "ಅತ್ತಿಯಾರು ಕಳಸಾಂಗಿಲ್ಲ ಅಂದಾರಣ್ಣಾ. ನೀ ಬರಬ್ಯಾಡ." ಒಳಗೆ ಬಂದು ನಿಮಗೂ ನಿಮ್ಮ ಮಗನಿಗೂ, ಈ ವರ್ಷ ತವರಿನಲ್ಲಿ ಅನಾನುಕೂಲವಂತೆ ಎನ್ನುತ್ತಿದ್ದೆ. ನಮ್ಮ ಕಡೆ ಅತ್ತೆಯ ಮೇಲೆ ಹಾಕಿದ ಸುಳ್ಳಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ನಿಜ ಬೇರೆ. ಆ ಮನೆಯಲ್ಲಿ ಅಪ್ಪ ನನ್ನನ್ನು ಎತ್ತಿನ ಬಾರಕೋಲಿನಿಂದ ಹೊಡೆಯುತ್ತಿದ್ದ — ಸಾರಿಗೆ ಉಪ್ಪು ಹೆಚ್ಚಾದರೆ, ಶಾಲೆಯಿಂದ ಬರುವುದು ತಡವಾದರೆ, ಕೆಲವೊಮ್ಮೆ ಏನೂ ಇಲ್ಲದೆ. ಓಣಿಗೆ ಕೇಳಬಾರದೆಂದು ಅವ್ವ ಬಾಗಿಲು ಎಳೆದು ಮುಂದೆ ಮಾಡುತ್ತಿದ್ದಳು. ಅಣ್ಣ ನೋಡುತ್ತ ನಿಂತಿರುತ್ತಿದ್ದ. ಅದೇ ಅಂಗಳದಲ್ಲಿ ಜೋಕಾಲಿ ಜೀಕಿ, ಉಂಡೆ ತಿಂದು ನಗುವುದು... ನನ್ನಿಂದ ಆಗುತ್ತಿರಲಿಲ್ಲ.

ಮದುವೆಯಾಗಿ ಬಂದ ಮೊದಲ ತಿಂಗಳು ನೆನಪಿದೆಯೇ? ರೊಟ್ಟಿ ಕರಕಾಯಿತು. ನೀವು ಹತ್ತಿರ ಬಂದಿರಿ, ನಾನು ಎರಡೂ ಕೈ ತಲೆಗೆ ಅಡ್ಡ ಹಿಡಿದು ಮುದುಡಿ ಕೂತೆ. ನೀವು ಎರಡು ಹೆಜ್ಜೆ ಹಿಂದೆ ಸರಿದಿರಿ. ಆಮೇಲೆ ಆ ಕರಕು ರೊಟ್ಟಿಯನ್ನು ನೀವೇ ತಿಂದಿರಿ. ನಿಮ್ಮ ಮಗನೂ ಅಷ್ಟೇ — ನಾನು ಬೆಚ್ಚುವುದನ್ನು ಕಂಡಮೇಲೆ ಅಡುಗೆಮನೆಗೆ ಕಾಲಿಡುವ ಮೊದಲು "ನಾ ಬಂದೇನಿ" ಎಂದು ಹೊರಗಿನಿಂದಲೇ ಕೂಗುತ್ತಾರೆ, ಇಂದಿಗೂ. ಇಷ್ಟಾದರೂ ನಾನು ವರ್ಷಗಟ್ಟಲೆ ಏಟಿಗೇ ಕಾದೆ. ನೀವು ಮೆತ್ತಗೆ ಮಾತಾಡಿದಷ್ಟೂ, ಇವರೂ ಒಂದು ದಿನ ಹೊಡೆದೇ ಹೊಡೆಯುತ್ತಾರೆ ಎಂದುಕೊಂಡೆ.

ಹೋದ ಬೇಸಿಗೆಯಲ್ಲಿ ಕಟಕೋಳದಲ್ಲಿ ನಡೆದ ನನ್ನ ಚಿಕ್ಕಪ್ಪನ ಮಗನ ಮದುವೆಗೆ ನಾನು ಜ್ವರದ ನೆಪ ಹೇಳಿದೆ, ನೀವೊಬ್ಬರೇ ಹೋದಿರಿ. ಊಟದ ಪಂಕ್ತಿಯಲ್ಲಿ ಎಲ್ಲರೆದುರು ಚಿಕ್ಕಮ್ಮ ನಿಮಗೆ, "ಇನ್ನರೆ ಸೊಸಿನ್ನ ಪಂಚಮಿಗೆ ಕಳಸ್ರಿ, ಆಕಿಗೂ ತವರಮನಿ ಐತಿ" ಎಂದಳಂತೆ. ಆಕೆಯೇ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದಳು. ನೀವು ತಲೆ ತಗ್ಗಿಸಿ ಉಂಡು ಬಂದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾಚಿಕೆಯಿಂದ ಸತ್ತೇ ಹೋದೆ — ಆದರೂ ಬಾಯಿ ಬಿಡಲಿಲ್ಲ.

ನಿನ್ನೆ ಉಂಡೆಗೆ ಎಳ್ಳು ಹುರಿಯುವಾಗ ಎಲ್ಲವನ್ನೂ ಹೇಳಿಬಿಟ್ಟೆ. ನೀವು ಕೈ ನಿಲ್ಲಿಸಲಿಲ್ಲ.

"ಹ್ವಾದ ಬ್ಯಾಸಗಿ ಆ ಮದುವಿಯಾಗ ಗೊತ್ತಾತವಾ. ನನ್ನ ಹೆಸರ ಹೇಳಿ ಉಳಕೊಂಡಿ, ಉಳಕೋ. ಇನ್ನೂ ಬೇಕಾದ್ರ ಹೇಳು. ನನಗೇನಾಗತೈತಿ?"

ಇಲ್ಲ ಅತ್ತೆ, ಇನ್ನು ಹೇಳುವುದಿಲ್ಲ. ಅಪ್ಪ ಹೊಡೆದದ್ದು ಅಪ್ಪನ ತಪ್ಪು, ನಿಮ್ಮ ಹೆಸರು ಕೆಡಿಸಿದ್ದು ನನ್ನದು. ನಾಳೆ ಅಣ್ಣ ಬರುತ್ತಾನೆ — ನಾನೇ ಕರೆಸಿದ್ದೇನೆ. ಪಡಸಾಲೆಯಲ್ಲಿ, ನಿಮ್ಮ ಮುಂದೆಯೇ ಹೇಳುತ್ತೇನೆ: "ಅತ್ತಿ ಒಂದ ದಿನಾನೂ ಬ್ಯಾಡ ಅಂದಿಲ್ಲ. ಅಪ್ಪ ಹೊಡೀತಿದ್ದ, ಅದಕ್ಕ ನಾನ ಬರಲಿಲ್ಲ. ಊರಾಗ ಹಂಗ ಹೇಳು."

ನೀವು ಮಾತ್ರ ಎದ್ದು ಹೋಗಿ ಬಾಗಿಲು ಮುಂದೆ ಮಾಡಬೇಡಿ. ಓಣಿಗೆ ಕೇಳಲಿ.