ಕೆಂಪು ತ್ಯಾಪಿಯ ವಿಮಾನ

ದೆವ್ವ ಕಂಡೆ, ಶಕುನ ನುಡಿಯಿತು ಎಂದು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ಕಂಡದ್ದನ್ನು ಕಂಡಷ್ಟೇ ಹೇಳುವವರು ಊರಿಗೊಬ್ಬರೂ ಇಲ್ಲ, ಎಲ್ಲರೂ ಕಡ್ಡಿಯನ್ನು ಗುಡ್ಡ ಮಾಡುವವರೇ ಎಂಬುದು ನನ್ನ ವಾದ. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ನೀವು ನಕ್ಕರೆ ನನಗೆ ಸಿಟ್ಟಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಾನು ಯಾದಗಿರಿ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತನಾಗಿದ್ದೆ. ಮುಂಬಯಿಯಿಂದ ಬರುವ ಗಾಜಿನ ಸಾಮಾನಿಗೆ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಸುತ್ತಿರುತ್ತಿದ್ದರು. ಅದರಲ್ಲಿ ವಿಮಾನದ ಚಿತ್ರವಿದ್ದರೆ ವ್ಯಾಪಾರಿಗಳನ್ನು ಕಾಡಿ ಬೇಡಿ ತೆಗೆದುಕೊಳ್ಳುತ್ತಿದ್ದೆ. ಹೀಗೆ ಒಂದು ಟ್ರಂಕು ತುಂಬಿತ್ತು. ರೆಕ್ಕೆ, ಬಾಲ, ಗಾಲಿ ನೋಡಿದರೆ ಸಾಕು, ವಿಮಾನದ ಹೆಸರು ಹೇಳುತ್ತಿದ್ದೆ. ಒಂದೋ ಎರಡೋ ತಯಾರಾಗಿ ಆಮೇಲೆ ಮೂಲೆ ಸೇರಿದ ಅಪರೂಪದ ವಿಮಾನಗಳೆಂದರೆ ಇನ್ನೂ ಪ್ರೀತಿ. ಯುದ್ಧದ ಕಾಲವಾದ್ದರಿಂದ ಆಕಾಶದಲ್ಲಿ ಏನಾದರೂ ಗುಂಯ್‌ಗುಟ್ಟಿದರೆ ಊರವರು ಮೇಲೆ ನೋಡುವ ಬದಲು ನನ್ನ ಮುಖ ನೋಡುತ್ತಿದ್ದರು. ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಅಕ್ಕನನ್ನು ಶಹಾಪುರಕ್ಕೆ ಕೊಟ್ಟಿತ್ತು. ಅವಳ ಗಂಡ ಬಸಣ್ಣ ಮಾವನದು ಪೇಟೆಯಲ್ಲಿ ಕಿರಾಣಿ ಅಂಗಡಿ. ಒಂದು ದಿನ ಮಾವ ನನ್ನನ್ನು ತುರ್ತಾಗಿ ಕರೆಸಿಕೊಂಡ. ಮಗಳು ನೀಲವ್ವನಿಗೆ ಸುರಪುರದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಮಲ್ಲಣ್ಣ ಹೈದರಾಬಾದಿನಲ್ಲಿ ವಿಮಾನ ರಿಪೇರಿ ಕೆಲಸ ಮಾಡುತ್ತಾನಂತೆ. ಅದಕ್ಕೆ ಸಾಕ್ಷಿಯಾಗಿ ಒಂದು ವಿಮಾನದ ಮುಂದೆ ಎದೆ ಸೆಟೆದು ನಿಂತ ಫೋಟೋ ಕಳಿಸಿದ್ದ.

ಮಾವನಿಗೆ ಆ ಫೋಟೋದ ಮೇಲೆಯೇ ಅನುಮಾನ. ಹಿಂದೆ ಕಕ್ಕೇರಾದ ಅವನ ತಮ್ಮ, ಮೋಟಾರಿನಲ್ಲಿ ಕುಳಿತ ವರನ ಫೋಟೋ ನೋಡಿ ಮರುಳಾಗಿ ಮಗಳನ್ನು ಕೊಟ್ಟಿದ್ದ. ಆ ಮೋಟಾರು ಸ್ಟುಡಿಯೋದವರು ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ್ದು ಎಂದು ಮದುವೆಯಾದ ಮೇಲೆ ಗೊತ್ತಾಯಿತು. ಅಂದಿನಿಂದ ಮಾವ ಮಜ್ಜಿಗೆಯನ್ನೂ ಊದಿ ಕುಡಿಯುತ್ತಿದ್ದ.

"ನೋಡಿ ಹೇಳಪಾ, ಈ ಇಮಾನ ಖರೇದೋ, ರಟ್ಟಿಂದೋ? ರಟ್ಟಿಂದಾದ್ರ ಸುರಪುರದವ್ರಿಗೆ ಇವತ್ತೇ ಇಲ್ಲ ಅಂತ ಹೇಳಿ ಕಳಸ್ತೀನಿ" ಎಂದ.

ಚಹಾ ತಂದಿದ್ದ ನೀಲವ್ವ ಅಲ್ಲೇ ನಿಂತಿದ್ದಳು. "ಮಾಮಾ, ಇಲ್ಲಿ ಕತ್ಲಿ ಐತಿ. ಮಾಳಗಿ ಮ್ಯಾಲ ಬಂದು ಛಲೋ ಬೆಳಕಿನ್ಯಾಗ ನೋಡ್ರಿ" ಎಂದಳು. ಹುಡುಗ ಅವಳಿಗೆ ಒಪ್ಪಿಗೆಯಾಗಿದ್ದಾನೆಂದು ತಿಳಿಯಲು ನನಗೆ ಭೂತಗನ್ನಡಿ ಬೇಕಾಗಲಿಲ್ಲ.

ಮೂವರೂ ಮಾಳಗಿ ಹತ್ತಿದೆವು. ನೀಲವ್ವ ಒಣಹಾಕಿದ್ದ ಶಂಡಿಗೆಯ ಪಕ್ಕದಲ್ಲಿ ಕುಳಿತು ಫೋಟೋ ನೋಡಿದೆ. ನೋಡಿದಷ್ಟೂ ಮನಸ್ಸು ಕುಗ್ಗಿತು. ಅಂಥ ವಿಮಾನ ನನ್ನ ಟ್ರಂಕಿನಲ್ಲಿ ಇರಲಿಲ್ಲ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಅದರಲ್ಲೂ ಕೆಳಗಿನದೇ ಮೇಲಿನದಕ್ಕಿಂತ ಉದ್ದ. ಓಡಿಸುವವನ ಕುರ್ಚಿ ಎಲ್ಲೋ ಹಿಂದೆ, ಬಾಲದ ಹತ್ತಿರ. ಹಿನ್ನೆಲೆಯಲ್ಲಿ ಬಯಲೂ ಇಲ್ಲ, ಆಕಾಶವೂ ಇಲ್ಲ, ಬರೀ ಗೋಡೆ. ವಿಮಾನವನ್ನೇ ನೋಡದ ಪೇಂಟರೊಬ್ಬ ಬರೆದ ರಟ್ಟು ಎಂದು ನನಗೆ ಖಾತ್ರಿಯಾಯಿತು. ನೀಲವ್ವನ ಮುಖ ನೋಡಲು ಆಗಲಿಲ್ಲ. ಆದರೂ ಹೇಳಲೇಬೇಕಲ್ಲ ಎಂದು ಬಾಯಿ ತೆರೆದೆ.

ಆಗ ಗುಡ್ಡದ ಕಡೆಯಿಂದ ಸದ್ದು ಕೇಳಿಸಿತು. ಮಲಗಿದ ಮನುಷ್ಯನಂತೆ ಕಾಣುವ ಆ ಗುಡ್ಡದ ಎದೆಯ ಮೇಲಿಂದ ಒಂದು ವಿಮಾನ ಎದ್ದು ಬಂದು ನಮ್ಮ ತಲೆಯ ಮೇಲೇ ಹಾದುಹೋಯಿತು. ಕೆಳಗಿನ ಉದ್ದ ರೆಕ್ಕೆ, ಹಿಂದಿನ ಕುರ್ಚಿ, ಎಲ್ಲವೂ ಅದೇ. ಕುರ್ಚಿಯಲ್ಲಿ ಯಾರಾದರೂ ಇದ್ದರೋ ಇಲ್ಲವೋ, ನನಗೆ ನೆನಪಿಲ್ಲ. ಶಂಡಿಗೆಗೆ ಕಾದಿದ್ದ ಕಾಗೆಗಳೆಲ್ಲ ಹಾರಿಹೋದವು. ಮಾವ ರುಮಾಲು ಹಿಡಿದುಕೊಂಡು ಕುಕ್ಕರಿಸಿದ.

"ಮಾಮಾ, ಹೊಟ್ಟಿಗೆ ಕೆಂಪು ತ್ಯಾಪಿ ಹಾಕ್ಯಾರ ನೋಡ್ರಿ, ನಮ್ಮ ಕೌದಿಗೆ ಹಾಕಿದಂಗ" ಎಂದು ನೀಲವ್ವ ಕೈ ತೋರಿಸಿದಳು. ನಾನೂ ಆ ತೇಪೆಯನ್ನು ನೋಡಿದೆ.

"ಖರೇದೇ ಐತಿ ಬಿಡು" ಎಂದು ಮಾವನೇ ತೀರ್ಪು ಕೊಟ್ಟ. ನಾನು ಬಾಯಿ ಮುಚ್ಚಿಕೊಂಡೆ.

ಒಂದು ಹೊಸ ಲಾರಿ ಬಂದರೆ ವಾರಗಟ್ಟಲೆ ಮಾತಾಡುವ ಊರು ಅದು. ಆದರೆ ಸಂಜೆ ಪೇಟೆಯಲ್ಲಿ ಯಾರೂ ವಿಮಾನದ ಸುದ್ದಿ ಎತ್ತಲಿಲ್ಲ. ಆಗಲೇ ನನಗೆ ಸ್ವಲ್ಪ ಕಸಿವಿಸಿಯಾಯಿತು.

ಮದುವೆ ಜೋರಾಗಿಯೇ ಆಯಿತು. ಮರುದಿನ ಹೋಳಿಗೆ ಊಟಕ್ಕೆ ಕುಳಿತಾಗ ಅಳಿಯನಿಗೆ ಈ ಕಥೆ ಹೇಳಿದೆ. ಅವನು ಚೇಷ್ಟೆ ಎಂದುಕೊಂಡು ನಕ್ಕ.

"ಅದರಾಗ ಎಂಜಿನ್ನೇ ಇಲ್ರಿ ಮಾಮಾ. ನಮ್ಮಂಥಾ ಕಲಿಯೋರು ಕೈ ಪಳಗಿಸಿಕೊಳ್ಳಾಕ ಶೆಡ್ಡಿನ್ಯಾಗ ಇಟ್ಟಾರ. ಹಾರೂ ವಿಮಾನದ ಹತ್ರ ಫೋಟೋಕ್ಕ ಬಿಡಂಗಿಲ್ರಿ, ಅದಕ್ಕ ಇದರ ಮುಂದ ನಿಂತೆ."

ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದ ನೀಲವ್ವ ಮೆಲ್ಲಗೆ, "ಹೊಟ್ಟಿ ಕೆಳಗ ಕೆಂಪು ತ್ಯಾಪಿ ಇತ್ತು" ಎಂದಳು.

ಮಲ್ಲಣ್ಣನ ಕೈಯಲ್ಲಿದ್ದ ಹೋಳಿಗೆ ಎಲೆಗೆ ಬಿತ್ತು. "ಅದನ್ನ ನಾನೇ ಹಾಕೀನಿ. ಫೋಟೋ ಕಳಿಸಿದ ಮ್ಯಾಲ, ಕೆಳಗ ಅಂಗಾತ ಮಲಗಿ ಹೊಲದೆ. ಅದರ ಮೈಯೆಲ್ಲ ಅರಿವೀದೇ, ಬಿಳಿ ಅರಿವಿ ತೀರಿತ್ತು, ಕೆಂಪು ಹಚ್ಚಿದೆ. ನಿನಗ ಯಾರು ಹೇಳಿದ್ರು?"

ಆ ತೇಪೆಯನ್ನು ನಾನೂ ಕಂಡೆ ಎಂದೆ. ಮಾವನಿಗೆ ಮಾತ್ರ ಇದನ್ನು ಹೇಳಲಿಲ್ಲ. ಅಳಿಯ ತನ್ನ ವಿಮಾನವನ್ನು ತೋರಿಸಲಿಕ್ಕೆಂದೇ ಶಹಾಪುರಕ್ಕೆ ಕಳಿಸಿಕೊಟ್ಟನೆಂದು ಅವನು ಕೊನೆಯವರೆಗೂ ಗಿರಾಕಿಗಳ ಮುಂದೆ ಹೇಳಿಕೊಂಡು ಸಂತೋಷವಾಗಿದ್ದ.

ಹಳೆಯ ವಿಮಾನಗಳನ್ನು ಬಲ್ಲ ಹಲವರಿಗೆ ನಾನು ಆಮೇಲೆ ಆ ಫೋಟೋ ತೋರಿಸಿದ್ದೇನೆ. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಬಾಲ ಇಷ್ಟು ಸಣ್ಣದಿದ್ದರೆ ಎಂಜಿನ್ ಇಟ್ಟರೂ ಇದು ಹಾರದು ಎಂದು ಒಬ್ಬರು ಬರೆದರು. ಮೊನ್ನೆ ನೀಲವ್ವನ ಮನೆಗೆ ಹೋದಾಗ ಅದನ್ನು ಹೇಳಿದೆ. ಅವಳಿಗೂ ಈಗ ಮೊಮ್ಮಕ್ಕಳು.

"ಹಾರತೈತೋ ಇಲ್ಲೋ ನನಗ ತಿಳಿಯಂಗಿಲ್ರಿ ಮಾಮಾ" ಎಂದಳು ಕೌದಿ ಹೊಲಿಯುತ್ತಾ. "ಆ ತ್ಯಾಪಿ ಹೊಲಿಗಿ ಮಾತ್ರ ಸೊಟ್ಟ ಇತ್ತು."

ಹೊರಸಿನ ಮೇಲೆ ಮಲಗಿದ್ದ ಮಲ್ಲಣ್ಣ ಕಣ್ಣು ತೆರೆಯದೆಯೇ, "ಹೌದು, ಸೊಟ್ಟ ಇತ್ತು" ಎಂದ.