ಕೌದಿಯ ಸೊಟ್ಟ ಸಾಲು

ಮಕ್ಕಳೇ, ಕಸ ಬೇರ್ಪಡಿಸುವುದನ್ನು ನಿಮಗೆ ಕಲಿಸಲು ಪರದೇಶದ ವಿದ್ಯಾರ್ಥಿಗಳೊಡನೆ ನಾವಿರುವ ಕಾಣಕೋಣ ಊರಿಗೆ ಬಂದಿದ್ದ ಆ ಹುಡುಗಿ ನನಗೆ ಆಗಾಗ ನೆನಪಾಗುತ್ತಾಳೆ. ಏನನ್ನೇ ಎತ್ತಿದರೂ ಬಿಸಿಲಿಗೆ ಹಿಡಿದು, ನೀವು ಕಲಿಸಿದ ಮಾತಿನಲ್ಲೇ, "ಇದು ಮುಂದ ಏನ್ ಆಗ್ತದ?" ಎನ್ನುತ್ತಿದ್ದಳು.

"ಕಸಾನ ಆಗ್ತದ ಬಿಡ್ರಿ ಅಕ್ಕಾರ!" ಎಂದು ನೀವು ಕಾಡಿಸುತ್ತಿದ್ದಿರಿ.

ಒಂದು ದಿನ ಅವಳು, ಕೌದಿ ಹೊಲಿಯಲು ನಾನು ಕಟ್ಟಿಟ್ಟಿದ್ದ ನಿಮ್ಮ ಅಜ್ಜನ ಅಂಗಿಗಳ ಗಂಟನ್ನೂ ಹಳೆ ಬಟ್ಟೆಯೆಂದು ಚೀಲಕ್ಕೆ ತುಂಬಿದಳು. ತೀರಿಹೋದವರ ಆ ಅಂಗಿಗಳು ಕಸದ ಗಾಡಿ ಏರಿದ್ದು ಕಂಡು ನನಗೆ ಅಳು ಬಂತು.

"ಅವು ನಮ್ಮ ಅಜ್ಜನ ಅಂಗಿ ಅದಾವ್ರೀ!" ಎಂದು ನೀವೇ ಕೂಗಿದಿರಿ.

ಹೊರಟಿದ್ದ ಗಾಡಿಯನ್ನು ಅವಳು ಓಡಿಹೋಗಿ ನಿಲ್ಲಿಸಿದಳು. ಚೀಲಗಳನ್ನೆಲ್ಲ ರಸ್ತೆಗೆ ಸುರಿದು, ಗಂಟು ಹುಡುಕಿ ತಂದು, ನನ್ನ ಪಕ್ಕ ಕುಳಿತು ಸೂಜಿ ಹಿಡಿದು ಕೌದಿಗೆ ಒಂದು ಸಾಲು ಹೊಲಿದಳು.

"ಸೊಟ್ಟ ಆತಲ್ಲವ್ವಾ!" ಎಂದು ನಕ್ಕೆ.

ಆ ಸಾಲನ್ನು ನಾನು ಬಿಚ್ಚಲಿಲ್ಲ.