ಬಾಯ್ಲರ್ ಪೈಪಿನ ಮೂರನೆಯ ಪೆಟ್ಟು

ನಮ್ಮಪ್ಪ ಕಬ್ಬಿಣವನ್ನು ಹಲ್ಲಿನಿಂದ ಕೇಳುತ್ತಿದ್ದ. ನಗಬೇಡಿ, ಖರೇ ಹೇಳುತ್ತಿದ್ದೇನೆ. ಸಿಂಧನೂರಿನಲ್ಲಿ ನಮ್ಮದು ಗುಜರಿ ಅಂಗಡಿ. ವರ್ಷಗಟ್ಟಲೆ ಸುತ್ತಿಗೆ ಬಡಿದು ಬಡಿದು ಅಪ್ಪನ ಎರಡೂ ಕಿವಿ ಹೋಗಿದ್ದವು. ಹಾಗಂತ ಅಂಗಡಿ ಬಿಟ್ಟವನಲ್ಲ. ಪೈಪು ಪರೀಕ್ಷೆ ಮಾಡಬೇಕಾದಾಗ ಅದರ ಒಂದು ತುದಿಯನ್ನು ಕಚ್ಚಿ ಹಿಡಿದು, ಕಣ್ಣು ಮುಚ್ಚಿ ಕೂರುತ್ತಿದ್ದ. ಇನ್ನೊಂದು ತುದಿಗೆ ನಾನು ನಟ್ಟು ಬಿಚ್ಚುವ ಪಾನಾದಿಂದ ಮೂರು ಪೆಟ್ಟು ಹಾಕಬೇಕು. ಎರಡು ಜೋರಾಗಿ, ಮೂರನೆಯದು ಉಗುರಿನಿಂದ ತಟ್ಟಿದಷ್ಟು ಮೆಲ್ಲಗೆ. ಪೆಟ್ಟು ಹಲ್ಲಿಗೆ ಮುಟ್ಟಿದ ಹಾಗೆ ಅಪ್ಪ ಒಂದೊಂದೇ ಬೆರಳು ಎತ್ತುತ್ತಿದ್ದ. ಮೂರು ಬೆರಳು ಎದ್ದರೆ ಪೈಪು ಒಳಗೂ ಗಟ್ಟಿ. ಎರಡಕ್ಕೇ ನಿಂತರೆ ಒಳಗೆ ತುಕ್ಕು ತಿಂದಿದೆ ಎಂದೇ ಅರ್ಥ.

"ಮೆಲ್ಲಕ ಬಡದದ್ದನ್ನ ನುಂಗೋ ಕಬ್ಬಿಣ ಮನಿಗೆ ತರಬ್ಯಾಡ ಯವ್ವ," ಎನ್ನುತ್ತಿದ್ದ. "ನುಂಗಿದ್ದನ್ನ ಅದು ಯಾವಾಗಾರ ಒಮ್ಮಿ ಹೊರಗ ಹಾಕತೈತಿ."

ನಾನು ನಗುತ್ತಿದ್ದೆ. ನನ್ನ ಕಿವಿ ಆಗ ಚೆನ್ನಾಗಿದ್ದವು, ಅದರ ಸೊಕ್ಕೂ ಇತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನ್ನ ಗಂಡ ಜೀಪು ಓಡಿಸುತ್ತಿದ್ದರು. ಮಸ್ಕಿಯ ಗುಡ್ಡದ ಹಿಂದೆ ಕಲ್ಲು ಒಡೆಯುವ ಜಾಗಕ್ಕೆ ಕೂಲಿ ಹೆಣ್ಣುಮಕ್ಕಳನ್ನು ಒಯ್ದು ಬಿಡುವ ಕೆಲಸ. ಅದೇನು ದಾರಿಯೇ? ಬಂಡೆ ಹತ್ತಿ ಬಂಡೆ ಇಳಿಯಬೇಕು. ಒಂದು ದಿನ ಗಾಲಿ ಜಾರಿ, ಬಾಗಿಲ ಕೆಳಗಿನ ತಗಡು ಕಲ್ಲಿನ ಮೇಲೆ ಕೂತು ಒಳಕ್ಕೆ ಮಡಚಿತು. ಇವರ ಎಡಗಾಲಿಗೂ ಅದಕ್ಕೂ ಒಂದೇ ಬೆರಳಿನ ಅಂತರ ಉಳಿದಿತ್ತು. ಜೀಪಿನ ಎರಡೂ ಮಗ್ಗುಲಿಗೆ, ಬಾಗಿಲ ಕೆಳಗೆ, ಅಡಿಯ ಚಾಸಿ ಚೌಕಟ್ಟಿಗೆ ಹಿಡಿಸಿ ದಪ್ಪ ಪೈಪು ಹಾಕಿಸಿಬಿಡೋಣ, ಕಲ್ಲು ತಾಗಿದರೆ ಪೈಪಿಗೆ ತಾಗಿ ಜಾರಲಿ ಎಂದು ಹಟ ಹಿಡಿದವಳು ನಾನೇ.

ಯಾವ ಪೈಪು ಎಂಬುದರ ಮೇಲೆ ಜಗಳವಾಯಿತು. ಇವರಿಗೆ ಬೆಳ್ಳಗೆ ಹೊಳೆಯುವ ನೀರಿನ ಪೈಪು ಬೇಕು.

"ಅದಕ್ಕ ಉದ್ದಕ್ಕೂ ಬೆಸುಗಿಯ ಹೊಲಿಗಿ ಇರತೈತ್ರಿ," ಎಂದೆ. "ಕಲ್ಲು ಬಡದ್ರ ಹೊಲಿಗಿ ಗುಂಟ ಸೀಳತೈತಿ. ಮ್ಯಾಲಿನ ಸತುವಿನ ಹೊಗಿ ಕುಡದು ವೆಲ್ಡಿಂಗ್ ಮಾಡಾಂವ ಜ್ವರ ಬಂದು ಮಲಗತಾನ."

"ಹಂಗಾರ ಕುರ್ಚಿ ಮಾಡೋ ಪೈಪ್ ಹಾಕೋಣೇನು?"

"ಅದನ್ನ ಕುರ್ಚಿಗೇ ಹಾಕ್ರಿ. ಬಾಯ್ಲರ್ ಪೈಪ್ ತರತೀನಿ. ಅದಕ್ಕ ಹೊಲಿಗೀನ ಇಲ್ಲ. ನನ್ನ ಮಾತು ಸುಳ್ಳಾದ್ರ ಆಮ್ಯಾಲ ಕೇಳ್ರಿ."

ಮಾತಿನಲ್ಲಿ ಗೆದ್ದೆ. ಗೆದ್ದದ್ದೇ ಕುತ್ತಾಯಿತು.

ಸಾಲಗುಂದದ ಕಡೆ ಮುಚ್ಚಿದ ಅಕ್ಕಿ ಮಿಲ್ಲೊಂದರ ಬಾಯ್ಲರ್ ಬಿಚ್ಚುತ್ತಿದ್ದರು. ಇವರು ಬಾಡಿಗೆಯ ಮೇಲೆ ಲಿಂಗಸುಗೂರಿಗೆ ಹೋಗಿದ್ದರಿಂದ ಅಪ್ಪನನ್ನು ಕರೆದುಕೊಂಡು ನಾನೇ ಹೋದೆ. ನಡು ಮಧ್ಯಾಹ್ನ. ಅಷ್ಟು ದೊಡ್ಡ ಮಿಲ್ಲಿನಲ್ಲಿ ಒಂದು ಪಾರಿವಾಳ ಇಲ್ಲ, ಒಂದು ಗುಬ್ಬಿ ಇಲ್ಲ. ಹೊರಗೆ ಬಿಸಿಲು ಸುಡುತ್ತಿತ್ತು, ಬಾಯ್ಲರಿನ ಹೊಟ್ಟೆಯ ಹತ್ತಿರ ನಿಂತರೆ ಮಾತ್ರ ಚಳಿ. ನಾನು ಆಡಿದ ಮಾತು ಗೋಡೆಗೆ ಹೋಗಿ ಹಿಂದಕ್ಕೆ ಬರಲಿಲ್ಲ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ನನಗೆ ಮನಸ್ಸಾಗಲಿಲ್ಲ.

ಅಪ್ಪ ಒಂದು ಪೈಪನ್ನು ಆರಿಸಿ ಕಚ್ಚಿ ಕೂತ. ನಾನು ಬಡಿದೆ. ಒಂದು ಬೆರಳು ಎದ್ದಿತು. ಎರಡನೆಯದೂ ಎದ್ದಿತು. ಮೆಲ್ಲಗೆ ತಟ್ಟಿದೆ. ಕೈ ಹಾಗೇ ಇತ್ತು. ಮತ್ತೊಮ್ಮೆ ತಟ್ಟಿದೆ, ಸ್ವಲ್ಪ ಮೋಸ ಮಾಡಿ ಜೋರಾಗಿಯೇ. ಅಪ್ಪ ಕಣ್ಣು ತೆರೆದು ನನ್ನನ್ನೇ ನೋಡಿದ. ಬೆರಳು ಎರಡೇ.

ಹಿಂದೆ ನಿಂತಿದ್ದ ಮಿಲ್ಲಿನ ಮೇಸ್ತ್ರಿ ಬೀಡಿ ಎಳೆಯುತ್ತ ಕಿಸಕ್ಕೆಂದು ನಕ್ಕ. "ಯಕ್ಕಾ, ನಿಮ್ಮಪ್ಪ ಕಬ್ಬಿಣ ಕಡ್ಯಾಕತ್ಯಾನಲ್ಲ, ಮನ್ಯಾಗ ರೊಟ್ಟಿ ಹಾಕಿಲ್ಲೇನ?"

ಮೈ ಉರಿಯಿತು. ಅವನ ಮೇಲೆ ಬರಬೇಕಾದ ಸಿಟ್ಟು ಅಪ್ಪನ ಮೇಲೆ ಬಂತು. ಹೊರಗಿನಿಂದ ಪೈಪು ನುಣುಪಾಗಿತ್ತು, ನನ್ನ ಕಿವಿಗೆ ಅದರ ದನಿಯೂ ಸರಿಯಾಗಿಯೇ ಇತ್ತು. ಇನ್ನು ಬರಿಗೈಯಲ್ಲಿ ಹೋಗಿ ಗಂಡನ ಮುಂದೆ ಸೋಲುವುದೇ?

"ಏನಂದ ನಿಮ್ಮಪ್ಪ?" ಎಂದು ಮೇಸ್ತ್ರಿ ಕೇಳಿದ.

"ಮೂರೂ ಬಂದಾವಂತ. ಅಳತಿ ಹಿಡದು ಕಡೀರಿ," ಎಂದೆ. ಪಕ್ಕದಲ್ಲೇ ಇದ್ದ ಅಪ್ಪನಿಗೆ ಅದು ಕೇಳಿಸಲಿಲ್ಲ.

ಸಂಜೆ ಅಂಗಳದಲ್ಲಿ ಜೀಪು ನಿಲ್ಲಿಸಿ ಒಳಗೆ ಬಂದ ಇವರು ಚಹಾ ಕೂಡ ಮುಟ್ಟದೆ ಕೇಳಿದರು, "ಖರೇ ಹೇಳು, ಮೂರೂ ಬಂದಾವೇನು?"

"ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ?" ಎಂದು ಸಿಡಿದೆ. "ಬಂದಾವ."

ಮರುದಿನ ಪೈಪು ಹಾಕಿಸಿ, ತುದಿಗಳಿಗೆ ತಗಡು ಕೂರಿಸಿ ಬಾಯಿ ಮುಚ್ಚಿಸಿದೆವು. ಆಮೇಲೆ ಶುರುವಾಯಿತು. ಮಧ್ಯಾಹ್ನ ಬೇವಿನ ಗಿಡದ ನೆರಳಿಗೆ ಜೀಪು ನಿಂತಾಗ ಪೈಪಿನ ಒಳಗಿಂದ ಒಂದೇ ಒಂದು ಸಲ, ಮೆಲ್ಲಗೆ, ಟಕ್. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಅಲ್ಲಿ ಬಿಸಿಲೇ ಇರಲಿಲ್ಲ. ಮೋಡ ಕವಿದ ದಿನವೂ ಆ ಟಕ್ ಬಂತು. ಅದು ನನ್ನ ಪೆಟ್ಟೇ, ನನ್ನ ಕೈಯ ಅಳತೆಯೇ, ನನಗೆ ಗೊತ್ತಾಗದೇ? ಜೀಪಿನ ಕೆಳಗೆ ಮಲಗುತ್ತಿದ್ದ ಬೀದಿನಾಯಿ ಬೇರೆ ಜಾಗ ನೋಡಿಕೊಂಡಿತು. ಕೂಲಿಯ ಹೆಣ್ಣುಮಕ್ಕಳು ಇವರಿಗೆ ಹೇಳಿದರಂತೆ, "ಗುಡ್ಡ ಹತ್ತೂಮುಂದ ಯಾರೋ ಜೀಪಿನ ಮಗ್ಗಲಕ್ಕ ನಡಕೋತ ಬಂದಂಗ ಆಕ್ಕೈತ್ರಿ. ಹೊಳ್ಳಿ ನೋಡಿದ್ರ ಯಾರೂ ಇಲ್ಲ."

ಅದೆಲ್ಲ ಇರಲಿ. ಅಪ್ಪನದು ಹೇಳುತ್ತೇನೆ. ಮಧ್ಯಾಹ್ನವಾದರೆ ಕಟ್ಟೆಯ ಮೇಲೆ ಕೂತು ಜೀಪನ್ನೇ ನೋಡುತ್ತಿದ್ದ. ಹತ್ತು ಹೆಜ್ಜೆ ದೂರ, ಎರಡೂ ಕಿವಿ ಇಲ್ಲದವನು. ಒಂದು ದಿನ ಟಕ್ ಎಂದಾಗ ನನ್ನ ಕಣ್ಣು ಅವನ ಕಡೆ ಹೋಯಿತು. ತೊಡೆಯ ಮೇಲಿದ್ದ ಕೈಯಲ್ಲಿ ಮೂರನೆಯ ಬೆರಳು ಎದ್ದಿತ್ತು. ನನ್ನ ಕಡೆ ತಿರುಗಿದ. ನಾನು ಕೊಡ ಎತ್ತಿಕೊಂಡು ಒಳಗೆ ಓಡಿದೆ. ಗಂಡನಿಗೆ ಹೇಳಲು ಅವತ್ತೂ ಹೊತ್ತು ಮೀರಿರಲಿಲ್ಲ. ಹೇಳಲಿಲ್ಲ.

ತಿಂಗಳು ತುಂಬುವ ಮೊದಲು ಅದೇ ಬಂಡೆಯ ಮೇಲೆ ಅದೇ ಗಾಲಿ ಜಾರಿತು. ಜಾರಿಸಬೇಕಾದ ಪೈಪು ಹಪ್ಪಳದಂತೆ ಮುರಿದು, ಅದರ ತುದಿ ನೆಲದ ತಗಡು ಸೀಳಿ ಇವರ ಎಡಗಾಲಿಗೆ ಹೋಯಿತು. ಲಿಂಗಸುಗೂರಿನ ದವಾಖಾನೆಯಲ್ಲಿ ಜೀವ ಉಳಿಯಿತು, ಮೊಣಕಾಲು ಮತ್ತೆ ಮಡಚಲಿಲ್ಲ. ಆಮೇಲೆ ಇವರು ಜೀಪು ಹತ್ತಲಿಲ್ಲ. ಮುರಿದ ತುಂಡನ್ನು ಅಪ್ಪ ಅಂಗಡಿಯ ಮೂಲೆಗೆ ಒರಗಿಸಿಟ್ಟ. ಒಳಗಡೆ ತುಕ್ಕು ತಿಂದು ಕಾಗದದಷ್ಟೇ ಉಳಿದಿತ್ತು. ಎರಡು ವರ್ಷ ಬಿಟ್ಟು ಅಪ್ಪ ತೀರಿಕೊಂಡ. ಅದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ.

ಇವರು ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಆ ತುಂಡು ತೋರಿಸುತ್ತಿದ್ದರು. "ಇದೊಂದು ಅಡ್ಡ ಇತ್ತಂತ ಉಳಕೊಂಡೆ. ನನ್ನ ಹೇಣ್ತಿ ಆರಿಸಿದ್ದು." ಕೇಳಿದಾಗಲೆಲ್ಲ ನಾನು ತಕ್ಕಡಿಯ ಕಡೆ ತಿರುಗಿಬಿಡುತ್ತಿದ್ದೆ. ತೂಕಕ್ಕೆ ಹಾಕಿ ಕಳಿಸಿಬಿಡೋಣ ಎಂದರೆ ಬಿಡುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಕಿವಿಯೂ ಮಂದವಾದವು. ನಾನೂ ಕಚ್ಚಲು ಕಲಿತೆ. ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ಇವರು ಆ ತುಂಡನ್ನು ಎಳೆದು ನನ್ನ ಮುಂದೆ ಹಿಡಿದು, ಪಾನಾ ಎತ್ತಿಕೊಂಡರು. ತುದಿಯನ್ನು ಕಚ್ಚಿದೆ. ಒಂದು ಬಂತು. ಎರಡು ಬಂತು. ಮೂರನೆಯದಕ್ಕೆ ಅವರ ಕೈ ಆಡಿದ್ದು ಕಂಡಿತು, ಹಲ್ಲಿಗೆ ಏನೂ ಬರಲಿಲ್ಲ.

ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು, "ಮೂರನೇದು ಬಂತೇನು?"

"ಇಲ್ರೀ," ಎಂದೆ. "ಅವತ್ತೂ ಬಂದಿರಲಿಲ್ಲ. ಅಪ್ಪ ಎರಡ ಬೆರಳು ಎತ್ತಿದ್ದ. ನಾನೇ ಸುಳ್ಳು ಹೇಳಿದೆ."

ಅವರು ಮೊಣಕಾಲು ನೀವಿಕೊಂಡರು. "ಗೊತ್ತೈತಿ. ಅವತ್ತು ಸಂಜಿಗೇನ ಮಾವ ನನ್ನನ್ನ ಜೀಪಿನ ಹತ್ರ ನಿಲ್ಲಿಸಿ ಎರಡು ಬೆರಳು ತೋರಿಸಿದ್ರು. ಅದಕ್ಕ ಒಳಗ ಬಂದು ನಿನ್ನ ಕೇಳಿದೆ. ನೀ ಬಂದಾವ ಅಂದಿ." ಪಾನಾ ಕೆಳಗಿಟ್ಟರು. "ನಿನ್ನ ಮಾತು ಹಿಡದು ಗುಡ್ಡ ಹತ್ತಿದೆ."

ನಾನು ಪೈಪಿಗೆ ಹಣೆ ಹಚ್ಚಿ ಕೂತೆ. ಅವರ ಎರಡೂ ಕೈ ಖಾಲಿ ಇದ್ದವು. ಒಳಗಿಂದ ಮೆಲ್ಲಗೆ ಟಕ್ ಎಂದಿತು, ಹಣೆಯ ಎಲುಬಿಗೆ ಬಂತು. ನನ್ನ ಮೂರನೆಯ ಬೆರಳು ಎದ್ದಿತು.